ಎಡಗಾಲು

"ಅಂಕಲ್, ಎಡಗಾಲು!"

ಟ್ರೇನಿಂಗ್ ಕೊಡುವ ಹುಡುಗಿ ಹಾಗೆ ಕೂಗುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಡಿಪೋದ ಅಂಗಳದಲ್ಲಿ ಸದ್ದಿಲ್ಲದೆ ಸಾಗುತ್ತಿದ್ದ ಹೊಸ ಬಸ್ಸು ಗಕ್ಕನೆ ನಿಂತಿತು. ತಮ್ಮ ಸರದಿಗಾಗಿ ಹಿಂದೆ ಕೂತಿದ್ದ ಡ್ರೈವರುಗಳು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಒಬ್ಬ ಮುಂದಿನ ಕಂಬಿಗೆ ಹಣೆ ಜಜ್ಜಿಕೊಂಡು, "ಗೇರಣ್ಣೋ, ಈ ತಲೇನ ಸಂಜೆ ವಾಪಸ್ ಮನೆಗೆ ತಗೊಂಡು ಹೋಗ್ಬೇಕು ಕಣಣ್ಣ, ಇಲ್ಲೇ ಒಡೆದು ಹಾಕ್ಬೇಡ" ಎಂದ. ಎಲ್ಲರೂ ನಕ್ಕರು. ಗೇರಣ್ಣನೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ? ಆದರೆ ಕಿವಿ ಬಿಸಿಯಾಗಿತ್ತು. ಬಗ್ಗಿ ತನ್ನ ಎಡಗಾಲನ್ನು ನೋಡಿದ, ನೆಂಟರೆದುರು ಮಾನ ಕಳೆದ ಮಗನನ್ನು ನೋಡುವ ಹಾಗೆ.

ವಿಷಯ ಇಷ್ಟೇ. ಹಳೆಯ ಡೀಸೆಲ್ ಬಸ್ಸಿಗೆ ಮೂರು ಪೆಡಲು, ಈ ಕರೆಂಟಿನ ಬಸ್ಸಿಗೆ ಎರಡೇ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಬಲಗಾಲೇ ಓಡಿಸಬೇಕು, ಬಲಗಾಲೇ ನಿಲ್ಲಿಸಬೇಕು, ಎಡಗಾಲು ತೆಪ್ಪಗೆ ಬಿದ್ದಿರಬೇಕು. ಬಿದ್ದಿರುತ್ತದೆಯೇ? ಅರ್ಧ ಆಯುಸ್ಸು ಕ್ಲಚ್ ತುಳಿದ ಕಾಲು ಅದು. ಬಸ್ಸು ನಿಲ್ಲಬೇಕು ಎನ್ನಿಸಿದ ಕೂಡಲೆ, ಯಜಮಾನನನ್ನು ಒಂದು ಮಾತೂ ಕೇಳದೆ ತಾನೇ ಎದ್ದು ತುಳಿಯುತ್ತಿತ್ತು. ಕ್ಲಚ್ ಇರಬೇಕಾದ ಕಡೆಗೆ ಈಗ ಅಗಲವಾದ ಬ್ರೇಕು ಸರಿದು ಕೂತಿತ್ತು. ಕ್ಲಚ್ಚನ್ನು ತುಳಿದ ಹಾಗೆ ಬ್ರೇಕನ್ನು ಬುಡದವರೆಗೆ ತುಳಿದರೆ ಏನಾಗುತ್ತದೆ ಎಂದು, ಹಣೆ ಉಜ್ಜಿಕೊಳ್ಳುತ್ತಿದ್ದವನನ್ನು ಕೇಳಬೇಕು.

ಗೇರಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಎಷ್ಟೇ ಕಡಿದಾದ ಏರಾಗಲಿ, ಬಾಗಿಲಲ್ಲಿ ಎಷ್ಟೇ ಜನ ಜೋತಾಡುತ್ತಿರಲಿ, ಗೇರು ಬದಲಾದದ್ದು ನಿಂತವರಿಗೂ ಗೊತ್ತಾಗದಂತೆ ಓಡಿಸುತ್ತಾನೆ ಎಂದು ಡಿಪೋದವರು ಇಟ್ಟದ್ದು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು, "ಹೋಗ್ರಯ್ಯಾ, ಒಂದು ದಿನ ಗೇರಣ್ಣನ ಹಿಂದೆ ನಿಂತು ನೋಡ್ಕೊಂಡು ಬನ್ನಿ" ಎಂದು ಕಳಿಸುತ್ತಿದ್ದ ಕಾಲವೂ ಒಂದಿತ್ತು. ಈಗ ಅದೇ ಹುಡುಗರು ಹೊಸ ಬಸ್ಸನ್ನು ನೀರು ಕುಡಿದಷ್ಟು ಸುಲಭವಾಗಿ ಓಡಿಸಿ, ಅವನ ಬೆನ್ನು ತಟ್ಟಿ, "ಬರುತ್ತೆ ಬಿಡಣ್ಣ" ಎನ್ನುತ್ತಿದ್ದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಳೆಯ ಬಸ್ಸುಗಳೆಲ್ಲ ಗುಜರಿಗೆ. ಪರೀಕ್ಷೆಯಲ್ಲಿ ಪಾಸಾದವರು ಹೊಸ ಬಸ್ಸಿಗೆ. ಆಗದವರು ಡಿಪೋದೊಳಗೇ ಇದ್ದು ಬಸ್ಸು ತೊಳೆಯಬೇಕು, ಬಂದು ನಿಂತ ಬಸ್ಸುಗಳನ್ನು ಚಾರ್ಜಿಗೆ ಹಾಕಬೇಕು. "ಸಂಬಳಕ್ಕೇನೂ ತೊಂದ್ರೆ ಇಲ್ಲ, ಗಾಬರಿ ಬೇಡ" ಎಂದೂ ಸೇರಿಸಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಗೇರಣ್ಣನಿಗೆ ಗಾಬರಿಯಾದದ್ದು ಸಂಬಳಕ್ಕಲ್ಲ. ಸ್ಟೀರಿಂಗ್ ಬಿಟ್ಟರೆ ತಾನು ಯಾರು ಎನ್ನುವುದೇ ಅವನಿಗೆ ಹೊಳೆಯುತ್ತಿರಲಿಲ್ಲ.

ಎಡಗಾಲಿನ ಕಥೆಯನ್ನು ಡಿಪೋಗೆಲ್ಲ ಹಂಚಿದವಳು ಅವನದೇ ಬಸ್ಸಿನ ಕಂಡಕ್ಟರು. ಅವಳಿಗೆ ಚಿಲ್ಲರೆ ಅಕ್ಕ ಎಂದು ಹೆಸರು. ಯಾರು ಚಿಲ್ಲರೆ ಕೇಳಿದರೂ, "ಎಲ್ಲಿಂದ ತರ್ಲಿ? ನಾನೇನು ನಾಣ್ಯ ಅಚ್ಚು ಹಾಕ್ತೀನಾ?" ಎಂದು ಹರಿಹಾಯ್ದು, ಇಳಿಯುವ ಹೊತ್ತಿಗೆ ಮರೆಯದೆ ಕೈಗೆ ಹಾಕುವವಳು. ವಯಸ್ಸಿನಲ್ಲಿ ಗೇರಣ್ಣನಿಗಿಂತ ತುಂಬ ಚಿಕ್ಕವಳು. ಆದರೂ ಅವನ ಬೆನ್ನ ಹಿಂದೆ ನಿಂತು ಸೀಟಿ ಊದುತ್ತ ಊದುತ್ತಲೇ ಅವಳ ಕೂದಲೂ ಬೆಳ್ಳಗಾಗಲು ಶುರುವಾಗಿತ್ತು. ಬೆಳಿಗ್ಗೆ ಹಳೆಯ ಬಸ್ಸಿನಲ್ಲಿ ಡ್ಯೂಟಿ, ಮಧ್ಯಾಹ್ನ ಹೊಸ ಬಸ್ಸಿನಲ್ಲಿ ಪಾಠ ಎಂದು ಅವನು ಹೈರಾಣಾಗಿದ್ದ ದಿನಗಳವು.

"ಏನಣ್ಣ, ಇವತ್ತೂ ಎಡಮಗ್ಗುಲಲ್ಲೇ ಎದ್ರಾ?" ಎಂದಳು, ಟೀ ಅಂಗಡಿಯ ಮುಂದೆ ಅವನ ಮುಖ ನೋಡಿಯೇ.

"ನಗು ನಗು. ನಿನ್ನ ಸೀಟಿ ಊದೋಕೂ ಒಂದು ಮಶೀನು ಬರುತ್ತೆ, ಆಗ ನಾನು ನಗ್ತೀನಿ."

"ಬರ್ಲಿ ಬಿಡಿ. ನನ್ನ ಹಾಗೆ ಬೈಯೋ ಮಶೀನ್ನ ಇನ್ನೂ ಯಾರೂ ಕಂಡುಹಿಡಿದಿಲ್ಲ." ಆಮೇಲೆ ದನಿ ತಗ್ಗಿಸಿ, "ಪಾಸಾಗ್ಬಿಡಿ ಅಣ್ಣ. ಬೇರೆ ಡ್ರೈವರ್ ಹಿಂದೆ ನಿಂತ್ಕೊಂಡು ಕೆಲಸ ಮಾಡೋದು ನನ್ನಿಂದಾಗಲ್ಲ" ಎಂದಳು.

ಗೇರಣ್ಣನ ಮನೆ ಡಿಪೋದ ಹಿಂದಿನ ಕ್ವಾರ್ಟರ್ಸಿನಲ್ಲಿತ್ತು. ಗೋಡೆಯ ಆ ಕಡೆ ಬಸ್ಸುಗಳು, ಈ ಕಡೆ ಅವನ ಅಡುಗೆಮನೆ. ಮದುವೆಯಾಗಿ ಬಂದ ಹೊಸದರಲ್ಲಿ ಹೆಂಡತಿ ಅಡುಗೆಮನೆಯ ಕಿಟಕಿ ತೆರೆದಿಟ್ಟಿದ್ದಳು. ಬೆಳಿಗ್ಗೆ ಬಸ್ಸುಗಳೆಲ್ಲ ಇಂಜಿನ್ ಬಿಸಿ ಮಾಡಲು ನಿಂತಾಗ ಕರಿ ಹೊಗೆ ಸೀದಾ ಒಲೆಯ ಬಳಿಗೇ ಬಂತು. ಅಂದು ಮುಚ್ಚಿದ ಕಿಟಕಿ ಮುಚ್ಚಿಯೇ ಇತ್ತು. ಒಗೆದು ಹರವಿದ ಬಟ್ಟೆ ಒಣಗುವುದರೊಳಗೆ ಮಸಿ. ಹೊಗೆ ಕಿಟಕಿಯನ್ನೇ ನಂಬಿಕೊಂಡು ಕೂರುತ್ತದೆಯೇ? ವರ್ಷ ಕಳೆದಂತೆ ಅವಳ ಎದೆಯಲ್ಲಿ ಗೊರಗೊರ ಶುರುವಾಯಿತು. ಮಾತಿನ ಮಧ್ಯೆ ಇನ್‌ಹೇಲರ್ ಬಾಯಿಗಿಟ್ಟು ಒತ್ತಿಕೊಂಡು ಮತ್ತೆ ಮಾತು ಮುಂದುವರಿಸುವುದು ಅವಳಿಗೆ ಅಭ್ಯಾಸವಾಗಿ ಹೋಯಿತು. ಡಾಕ್ಟರು ಮನೆ ಬದಲಿಸಿ ಎಂದರು. ಡಾಕ್ಟರಿಗೇನು, ಹೇಳಿದರು.

ಈಗ ಡಿಪೋದಲ್ಲಿ ಹೊಸ ಬಸ್ಸುಗಳೇ ಹೆಚ್ಚಾದ ಮೇಲೆ ಒಂದು ದಿನ ಅವನು ಮನೆಗೆ ಬಂದರೆ ಆ ಕಿಟಕಿ ತೆರೆದಿತ್ತು. ಹಳೆಯ ಬಣ್ಣಕ್ಕೆ ಅಂಟಿಕೊಂಡಿದ್ದ ಬಾಗಿಲನ್ನು ಅವಳು ಚಾಕುವಿನಿಂದ ಕೆರೆದು ಕೆರೆದು ಬಿಡಿಸಿದ್ದಳು.

"ನಿಮಗೆ ಬೇಜಾರಾದ್ರೂ ಸರಿ, ಹೇಳ್ಬಿಡ್ತೀನಿ ರೀ. ನಂಗೆ ಈ ಬಸ್ಸೇ ಇಷ್ಟ."

ಗೇರಣ್ಣನಿಗೆ ಮೈಯೆಲ್ಲ ಉರಿಯಿತು. "ಹೌದು ಹೌದು, ನಿನಗೂ ಅದೇ ಇಷ್ಟ. ಎಲ್ಲರೂ ಸೇರಿ ನನ್ನ ಕೈಗೆ ಪೊರಕೆ ಕೊಟ್ಟುಬಿಡಿ" ಎಂದು ತಟ್ಟೆ ಸರಿಸಿ ಎದ್ದ. ಹಾಸಿಗೆಯಲ್ಲಿ ಬಿದ್ದುಕೊಂಡ ಮೇಲೆ ಅವನಿಗೆ ಸಿಟ್ಟು ಇಳಿದು, ಅದಕ್ಕಿಂತ ಕೆಟ್ಟದ್ದೊಂದು ಬಂದು ಕೂತಿತು. ಪಕ್ಕದಲ್ಲಿ ಇವಳು ನಿದ್ದೆ ಮಾಡುತ್ತಿದ್ದಳು, ಕೆಮ್ಮದೆ. ಇಷ್ಟು ವರ್ಷ ತಾನು ಬೆಳಿಗ್ಗೆ ಎದ್ದು ಹುಮ್ಮಸ್ಸಿನಿಂದ ಆಕ್ಸಿಲರೇಟರ್ ಒತ್ತಿ ಒತ್ತಿ ಬಿಸಿ ಮಾಡುತ್ತಿದ್ದ ಇಂಜಿನ್ನು ಹೊಗೆ ಬಿಟ್ಟದ್ದು ಇವಳ ಎದೆಯೊಳಕ್ಕೇ. ಆ ಇಂಜಿನ್ನಿನ ಸದ್ದೆಂದರೆ ಅವನಿಗೆ ಪ್ರಾಣ. ಹೊಸ ಬಸ್ಸನ್ನು ಮನಸಾರೆ ಶಪಿಸುವ ಸುಖವೂ ತನಗಿಲ್ಲವಾಯಿತಲ್ಲ ಎಂದು ಅವನಿಗೆ ಅಳು ಬಂದಂತಾಯಿತು.

ಮಾರನೆಯ ಸಂಜೆ ಅವಳೇ ದಾರಿ ಹುಡುಕಿದಳು. ಕುರ್ಚಿಯೊಂದನ್ನು ಅಡುಗೆಮನೆಯ ನಡುವೆ ಇಟ್ಟು, ಅವನನ್ನು ಕೂರಿಸಿ, ಎಡಗಾಲನ್ನು ಟವೆಲಿನಿಂದ ಕುರ್ಚಿಯ ಕಾಲಿಗೆ ಬಿಗಿದು ಕಟ್ಟಿದಳು. ಸ್ಟೀರಿಂಗ್ ಎಂದು ಕೈಗೊಂದು ದೊಡ್ಡ ತಟ್ಟೆ ಕೊಟ್ಟಳು. ತಾನು ಹಿಂದೆ ಸ್ಟೂಲಿನ ಮೇಲೆ ಕೂತಳು.

"ಇದೇನೇ ಇದು, ಮಕ್ಕಳಾಟ?"

"ಮುಂದೆ ನೋಡಿ ಓಡ್ಸಿ. ನಾಯಿ ಬಂತು, ನಾಯಿ!"

ಅವನು ಬಲಗಾಲನ್ನು ನೆಲಕ್ಕೆ ಒತ್ತಿದ. ಎಡಗಾಲು ಟವೆಲಿನೊಳಗೆ ಜಗ್ಗಿತು.

"ಮುದುಕಿ ಅಡ್ಡ ಬಂದ್ಳು! ಸ್ಕೂಟರು! ಅಯ್ಯೋ, ಸಿಗ್ನಲ್ ಕೆಂಪು!"

ದಿನವೂ ಇದೇ ಆಟ. ನೆಂಟರು ಯಾರಾದರೂ ಬಾಗಿಲು ತಟ್ಟಿದರೆ ಗತಿಯೇನು ಎಂದು ಅವನಿಗೆ ಭಯ. ಒಮ್ಮೆ ಕಾಲು ಕಟ್ಟಿದ್ದು ಮರೆತು ನೀರು ಕುಡಿಯಲು ಎದ್ದವನು ಕುರ್ಚಿ ಸಮೇತ ಬಿದ್ದ. ತಟ್ಟೆ ಡಣ್ಣೆಂದು ಉರುಳಿಕೊಂಡು ಹೋಯಿತು. ಅವಳು ನಕ್ಕಳು, ಅವನೂ ನೆಲದ ಮೇಲೆ ಬಿದ್ದಲ್ಲೇ ನಕ್ಕ. ನಕ್ಕು ನಕ್ಕು ಅವಳಿಗೆ ಉಸಿರು ಸಿಕ್ಕಿಕೊಂಡು, ಕೊನೆಗೆ ಇನ್‌ಹೇಲರ್ ಹುಡುಕಬೇಕಾಯಿತು.

ಅಂತೂ ಕಾಲಿಗೆ ಬುದ್ಧಿ ಬಂದಂತೆ ಕಂಡಿತು. ಪರೀಕ್ಷೆಯ ದಿನ ಟ್ರೇನಿಂಗ್ ಹುಡುಗಿ ಪಕ್ಕದಲ್ಲಿ ಕೂತು ಅವನ ಪಾದಗಳನ್ನೇ ನೋಡುತ್ತಿದ್ದಳು. ಎಡಗಾಲು ಮಿಸುಕಲಿಲ್ಲ. "ಅಂಕಲ್, ಪಾಸು!" ಎಂದು ಅವಳು ಚಪ್ಪಾಳೆ ತಟ್ಟಿದಾಗ ಅವನಿಗೆ ಸಂತೋಷಕ್ಕಿಂತ ಸುಸ್ತೇ ಹೆಚ್ಚಾಗಿತ್ತು. ಚಿಲ್ಲರೆ ಅಕ್ಕ ಮಾತ್ರ ಇಡೀ ಡಿಪೋಗೆ ತನ್ನ ಖರ್ಚಿನಲ್ಲಿ ಟೀ ಕುಡಿಸಿದಳು. ಇದನ್ನು ಜನ ಅವನು ಪಾಸಾದದ್ದಕ್ಕಿಂತ ದೊಡ್ಡ ಸುದ್ದಿಯೆಂದು ಆಡಿಕೊಂಡರು.

ಅವರ ರೂಟು ಊರ ನಡುವಿನಿಂದ ಗುಡ್ಡದ ಮೇಲಿನ ಬಡಾವಣೆಗೆ. ಹೋಗುವಾಗ ಏರು, ಬರುವಾಗ ಇಳಿಜಾರು. ಮೊದಲ ದಿನ ಇಳಿಯುವಾಗ ಗೇರಣ್ಣ ಒಂದು ವಿಚಿತ್ರ ನೋಡಿದ. ಆಕ್ಸಿಲರೇಟರಿನಿಂದ ಪಾದ ಎತ್ತಿದರೆ ಸಾಕು, ಬಸ್ಸು ತಾನೇ ತಡೆದುಕೊಂಡು ಇಳಿಯುತ್ತಿತ್ತು, ಎದುರಿಗಿದ್ದ ಪರದೆಯಲ್ಲಿ ಬ್ಯಾಟರಿಯ ಗೆರೆ ಮೇಲೇರುತ್ತಿತ್ತು. ಏರುವಾಗ ತಿಂದದ್ದರಲ್ಲಿ ಒಂದು ಪಾಲನ್ನು ಇಳಿಯುವಾಗ ವಾಪಸು ಕೊಡುವ ಬಸ್ಸು! ಇದೇ ಇಳಿಜಾರಿನಲ್ಲಿ ಇಷ್ಟು ವರ್ಷ ಬ್ರೇಕ್ ಸುಟ್ಟ ವಾಸನೆಯೊಂದೇ ಅವನಿಗೆ ಸಿಕ್ಕಿದ್ದದ್ದು. ಎಷ್ಟು ಇಳಿಜಾರುಗಳು ಹಾಗೆ ದಂಡವಾದವಪ್ಪಾ ಎಂದುಕೊಂಡ.

"ನೋಡಿಲ್ಲಿ, ತುಂಬ್ತಾ ಇದೆ" ಎಂದು ಚಿಲ್ಲರೆ ಅಕ್ಕನನ್ನು ಕರೆದು ತೋರಿಸಿದ.

"ಪರವಾಗಿಲ್ವೇ, ನಿಮ್ಮ ಬಸ್ಸು ಚಿಲ್ಲರೆ ವಾಪಸ್ ಕೊಡುತ್ತೆ" ಎಂದಳು ಅವಳು.

ಅವನಿಗೆ ಬಸ್ಸು ಇಷ್ಟವಾಗತೊಡಗಿದ್ದು ಆಗಲೇ. ಮನೆಗೆ ಹೋಗಿ ಹೆಂಡತಿಗೆ ಹೇಳಲಿಲ್ಲ, ಸೋತ ಹಾಗಾಗುತ್ತದೆ ಎಂದು.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ಸಂತೆ ಬೀದಿಯ ತಿರುವಿನಲ್ಲಿ ಒಬ್ಬ ತರಕಾರಿಯವನು ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತ ರಸ್ತೆಗೆ ಬಂದ. ಬಸ್ಸಿಗೆ ಸದ್ದಿಲ್ಲ, ಅವನಿಗೆ ಗೊತ್ತಾಗಲಿಲ್ಲ. ಜಾಗ ಬೇಕಾದಷ್ಟಿತ್ತು. ಮೆಲ್ಲಗೆ ಬ್ರೇಕ್ ಒತ್ತಿದ್ದರೆ ಯಾರ ಕೂದಲೂ ಕೊಂಕುತ್ತಿರಲಿಲ್ಲ. ಗೇರಣ್ಣನ ಬಲಗಾಲು ಎದ್ದಿತ್ತು ಕೂಡ. ಅದು ಬ್ರೇಕ್ ಮುಟ್ಟುವ ಮೊದಲೇ ಎಡಗಾಲು ಅಲ್ಲಿತ್ತು. ಬುಡದವರೆಗೆ ತುಳಿದಿತ್ತು.

ಕೂತವರು ಕಂಬಿ ಹಿಡಿದುಕೊಂಡರು. ಟಿಕೆಟ್ ಕೊಡುತ್ತ ನಡುವೆ ನಿಂತಿದ್ದ ಚಿಲ್ಲರೆ ಅಕ್ಕನಿಗೆ ಎರಡು ಕೈಯೂ ಖಾಲಿ ಇರಲಿಲ್ಲ. ಅವಳು ಬಿದ್ದ ಸದ್ದು ಗೇರಣ್ಣನಿಗೆ ಕೇಳಿಸಿತು. ಇಂಜಿನ್ ಸದ್ದೇ ಇಲ್ಲದ ಬಸ್ಸು, ಕೇಳಿಸದೆ ಏನು? ತಿರುಗಿ ನೋಡಿದರೆ ಅವಳು ಎದ್ದು ನಿಂತಿದ್ದಳು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಮುಖ ಬಿಳಿಚಿಕೊಂಡಿತ್ತು. ಆದರೂ ಮೊದಲು ಅವಳು ನೋಡಿದ್ದು ಅವನ ಕಾಲುಗಳ ಕಡೆಗೆ. ಅವನ ಎಡಗಾಲು ಇನ್ನೂ ಬ್ರೇಕಿನ ಮೇಲೆಯೇ ಇತ್ತು.

ಆಸ್ಪತ್ರೆಯ ಬೆಂಚಿನ ಮೇಲೆ, ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ಅವಳೇ ಮ್ಯಾನೇಜರಿಗೆ ಫೋನು ಮಾಡಿದಳು. "ಚಪ್ಪಲಿ ಜಾರಿತು ಸರ್. ಹಾಳಾದ್ದು, ಹೊಸ ಚಪ್ಪಲಿ. ಇಲ್ಲ ಸರ್, ಗೇರಣ್ಣ ಸರಿಯಾಗೇ ಬ್ರೇಕ್ ಹಾಕಿದ್ರು, ತಳ್ಳುಗಾಡಿ ಅಡ್ಡ ಬಂದಿತ್ತು." ಫೋನು ಇಟ್ಟು ಅವನ ಕಡೆ ತಿರುಗಿ, "ಏನೂ ಮಾತಾಡ್ಬೇಡಿ. ನಾನು ನೋಡಿಲ್ಲ, ನೀವು ಹೇಳಿಲ್ಲ. ಮುಗೀತು" ಎಂದಳು.

"ನೋವಿದೆಯೇನಮ್ಮ?"

"ಇಲ್ಲ, ಕಚಗುಳಿ ಆಗ್ತಿದೆ. ಹೋಗಿ, ಒಂದು ಟೀ ತನ್ನಿ."

ಅವನು ಟೀ ತಂದ. ಅವಳು ಎಡಗೈಯಲ್ಲಿ ಲೋಟ ಹಿಡಿದು ಕುಡಿಯಲು ಹೋಗಿ ಅರ್ಧ ಮೈಮೇಲೆ ಚೆಲ್ಲಿಕೊಂಡಳು. ಟಿಕೆಟ್ ಕೊಡುವ ಕೈ, ಸೀಟಿ ಹಿಡಿಯುವ ಕೈ ಪ್ಲಾಸ್ಟರಿನೊಳಗಿತ್ತು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಸಂಜೆ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಪಾತ್ರೆ ಒರೆಸುತ್ತಿದ್ದ ಬಟ್ಟೆ ಹಾಗೇ ಕೈಯಲ್ಲಿತ್ತು.

"ಅವಳೇ ಹಾಗೆ ಹೇಳಿದ ಮೇಲೆ ನೀವ್ಯಾಕೆ ಬಾಯಿ ಬಿಡ್ಬೇಕು? ಸುಮ್ನಿದ್ಬಿಡಿ. ಮತ್ತೆ ಕುರ್ಚಿಗೆ ಕಟ್ತೀನಿ, ಇನ್ನೂ ನಾಲ್ಕು ದಿನ ಕೂತ್ಕೊಳ್ಳಿ."

"ಕುರ್ಚಿ ಮೇಲೆ ಅದು ಸಾಧು ಕಣೇ. ನಾನು ಎಚ್ಚರವಾಗಿರೋವರೆಗೂ ಅದೂ ಸುಮ್ನೆ ಇರುತ್ತೆ. ಹೆದರಿಕೆ ಆದಾಗ್ಲೇ ಅದು ನನ್ನ ಮಾತು ಕೇಳಲ್ಲ. ಬಸ್ಸಲ್ಲಿ ಜನ ಇರೋದು, ತಟ್ಟೆ ಅಲ್ಲ."

"ಹಾಗಾದ್ರೆ ಏನ್ಮಾಡ್ತೀರಿ?"

ಮರುದಿನ ಅವನು ಒಂದೇ ಟ್ರಿಪ್ಪು ಹೊಡೆದ, ಬೇರೆ ಕಂಡಕ್ಟರ್ ಜೊತೆ. ಇಡೀ ದಾರಿ ಕಣ್ಣು ರಸ್ತೆಯ ಮೇಲಿದ್ದರೆ ಮನಸ್ಸು ಎಡಗಾಲಿನ ಮೇಲಿತ್ತು. ಶಾಲೆಯ ಮುಂದೆ ಮಕ್ಕಳು ದಾಟುವಾಗ ಬೆನ್ನೆಲ್ಲ ಬೆವೆತು ಅಂಗಿ ಸೀಟಿಗೆ ಅಂಟಿತು. ಹತ್ತಿದ ಒಬ್ಬ ಬಸುರಿ ಹೆಂಗಸಿಗೆ ಸೀಟು ಸಿಗುವವರೆಗೂ ಬಸ್ಸು ಹೊರಡಿಸಲಿಲ್ಲ, ಹಿಂದಿನವರು ಬೈದರು. ಡಿಪೋಗೆ ಬಂದು ಇಳಿದಾಗ ಮೈಯಲ್ಲಿ ಜೀವವೇ ಇಲ್ಲದಂತಾಗಿತ್ತು. ಮನೆಗೆ ಹೋಗದೆ ನೇರ ಮ್ಯಾನೇಜರ್ ಕೋಣೆಗೆ ಹೋದ.

"ಸರ್, ನಿನ್ನೆ ಬ್ರೇಕ್ ತುಳಿದದ್ದು ಬಲಗಾಲಲ್ಲ."

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವಳು ಚಪ್ಪಲಿ ಅಂದಳಲ್ಲ?"

"ಚಪ್ಪಲಿ ಹಳೇದೇ ಸರ್. ಅವಳು ಸುಳ್ಳು ಹೇಳಿದ್ದು ನನಗೋಸ್ಕರ. ಅವಳ ಮೇಲೆ ಏನೂ ಬರಬಾರ್ದು."

"ಬರಲ್ಲ, ಅದು ಬಿಡಿ. ಗೇರಣ್ಣ, ಒಂದ್ಸಲ ಆದದ್ದಕ್ಕೆ ಇಷ್ಟು ಯಾಕೆ? ಇನ್ನೊಂದು ತಿಂಗಳು ಟ್ರೇನಿಂಗ್ ಹಾಕಿಸ್ತೀನಿ. ನಿಮ್ಮಂಥ ಡ್ರೈವರ್ನ ತೊಳೆಯೋಕೆ ಹಾಕಿ ಅಂತ ನಾನು ಹೇಗೆ ಬರೀಲಿ?"

"ಅವಳು ಗಟ್ಟಿ ಹೆಂಗಸು, ಎದ್ದು ನಿಂತಳು. ನಾಳೆ ಏಳೋಕಾಗದೆ ಇರೋರು ಬಿದ್ರೆ? ಸಾಕು ಸರ್. ನನ್ನ ಕಾಲನ್ನೇ ನಾನು ಕಾಯ್ಕೊಂಡು ಕೂತ್ಕೊಳ್ಳೋದು, ಅದು ಡ್ರೈವಿಂಗ್ ಅಲ್ಲ. ಸುಸ್ತಾಗಿದೆ."

ಮ್ಯಾನೇಜರ್ ಕನ್ನಡಕವನ್ನು ಮತ್ತೆ ಹಾಕಿಕೊಂಡು ಸರಿ ಎಂದರು. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ದುಃಖ ಬರುತ್ತದೆ ಎಂದು ಕಾದ. ಬರಲಿಲ್ಲ. ಹೊತ್ತುಕೊಂಡು ಬಂದ ಮೂಟೆ ಇಳಿಸಿದ ಮೇಲೂ ಭುಜ ನೋಯುತ್ತಿರುತ್ತದಲ್ಲ, ಹಾಗೆ ಇತ್ತು.

ಚಿಲ್ಲರೆ ಅಕ್ಕನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಅವನು ಮನೆಯ ಬಾಗಿಲು ತಲುಪುವಷ್ಟರಲ್ಲಿ ಫೋನು ಬಂತು.

"ಏನಣ್ಣ, ಊರಿಗೆಲ್ಲ ನೀವೊಬ್ರೇ ಸತ್ಯವಂತರಾ? ನಾನು ಚಪ್ಪಲಿ ಮೇಲೆ ಹಾಕಿದ್ದೆ. ಚಪ್ಪಲಿ ಏನು ಬಾಯಿ ಬಿಟ್ಟು ಹೇಳ್ತಿತ್ತಾ? ಸುಮ್ನಿರೋಕೆ ಏನಾಗಿತ್ತು ನಿಮಗೆ?"

"ನೋಡಮ್ಮ..."

"ನೋಡೋದೇನು? ನನ್ನ ಕೈ ಮುರಿದದ್ದೂ ದಂಡ, ಸುಳ್ಳು ಹೇಳಿದ್ದೂ ದಂಡ. ನಾಳೆ ಕೈ ಸರಿಹೋಗುತ್ತೆ, ಡ್ಯೂಟಿಗೆ ಬರ್ತೀನಿ. ಬಂದು ಯಾರ ಬೆನ್ನು ನೋಡ್ಕೊಂಡು ನಿಂತ್ಕೊಳ್ಲಿ? ಹೇಳಿ." ದನಿ ಒಡೆಯಿತು. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಅವಳು ಬೈದರೆ ಅವನಿಗೆ ಅಭ್ಯಾಸವಿತ್ತು, ಅತ್ತದ್ದು ಇದೇ ಮೊದಲು.

"ಹೋಗಿ ಮುಖ ತೋರಿಸಿ ಬನ್ನಿ" ಎಂದಳು ಹೆಂಡತಿ. "ಒಂದು ಕೈಯಲ್ಲಿ ಅದೇನು ಬೇಯಿಸ್ಕೊಂಡು ತಿಂತಾಳೋ" ಎನ್ನುತ್ತ ಡಬ್ಬಿಗೆ ಊಟ ತುಂಬಿ ಕೈಗೆ ಕೊಟ್ಟಳು.

ಚಿಲ್ಲರೆ ಅಕ್ಕನ ಮನೆ ಇದ್ದದ್ದು ಗುಡ್ಡದ ಮೇಲಿನ ಬಡಾವಣೆಯಲ್ಲಿ, ಅವರದೇ ರೂಟಿನ ಕೊನೆಯಲ್ಲಿ. ಗೇರಣ್ಣ ಮನೆಯ ಅಂಗಿ ತೊಟ್ಟು, ಡಬ್ಬಿ ಹಿಡಿದು ಸ್ಟಾಪಿಗೆ ಬಂದ. ಬಸ್ಸು ಬಂದು ನಿಂತಿತು. ಯೋಚನೆಯಲ್ಲೇ ಅವನು ಮುಂದೆ ಹೋಗಿ ಡ್ರೈವರ್ ಬಾಗಿಲಿನ ಹಿಡಿಗೆ ಕೈ ಹಾಕಿಬಿಟ್ಟಿದ್ದ. ಒಳಗೆ ಕೂತಿದ್ದ ಹುಡುಗ, ಹಿಂದೊಮ್ಮೆ ಅವನ ಬೆನ್ನ ಹಿಂದೆ ನಿಂತು ಕಲಿತವನೇ, ಅರ್ಧ ಎದ್ದು ನಿಂತ. "ಅಣ್ಣ..." ಎಂದ.

"ಕೂತ್ಕೊಳಪ್ಪ, ಕೂತ್ಕೋ" ಎಂದು ಗೇರಣ್ಣ ಸುತ್ತಿ ಬಂದು ಜನರ ಬಾಗಿಲಿನಿಂದ ಹತ್ತಿದ.

ಎಲ್ಲಿ ಕೂರುವುದು ಎಂದೇ ಅವನಿಗೆ ತಿಳಿಯಲಿಲ್ಲ. ಬಸ್ಸಿನ ಸೀಟುಗಳನ್ನು ಅವನು ಇಷ್ಟು ವರ್ಷ ಕನ್ನಡಿಯಲ್ಲಿ ನೋಡಿದ್ದನೇ ಹೊರತು ಕೂತು ನೋಡಿರಲಿಲ್ಲ. ಕೊನೆಗೆ ನಡುವಿನ ಒಂದು ಸೀಟಿನಲ್ಲಿ, ಪೇಪರ್ ಓದುತ್ತಿದ್ದ ವಯಸ್ಸಾದವರೊಬ್ಬರ ಪಕ್ಕ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿಗೆ ರಸ್ತೆ ಕಾಣಿಸಲಿಲ್ಲ, ಜನರ ತಲೆಗಳು ಕಾಣಿಸಿದವು.

ಹೊಸ ಕಂಡಕ್ಟರ್ ಹುಡುಗಿ ಬಂದು ನಿಂತಳು. ಅವಳಿಗೆ ಇವನ ಗುರುತಿರಲಿಲ್ಲ.

"ಎಲ್ಲಿಗೆ?"

ಗೇರಣ್ಣ ಅವಳ ಮುಖ ನೋಡಿದ. ಈ ದಾರಿಯಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ.

"ಎಲ್ಲಿಗೆ ಹೋಗ್ಬೇಕು, ಹೇಳಿ. ಹಿಂದೆ ಜನ ಇದ್ದಾರೆ."

"ಕೊನೇ ಸ್ಟಾಪಮ್ಮ" ಎಂದ.

ಟಿಕೆಟ್ ತೆಗೆದುಕೊಂಡು, ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಸ್ವಲ್ಪ ಹೊತ್ತು ಕಾದ. ಆಮೇಲೆ ಡ್ರೈವರ್ ಹುಡುಗ ತನ್ನನ್ನು ನೋಡಿ ಹೆದರಿಕೊಂಡಿರಬೇಕು ಪಾಪ ಎಂದುಕೊಂಡು, ಪಕ್ಕದವರನ್ನು ಕೇಳಿದ: "ಯಾಕೆ, ಇನ್ನೂ ಹೊರಡಲಿಲ್ವಲ್ಲ?"

ಅವರು ಪೇಪರ್ ಕೆಳಗಿಳಿಸಿ ಅವನನ್ನೊಮ್ಮೆ ವಿಚಿತ್ರವಾಗಿ ನೋಡಿದರು. ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದರು. ಹೊರಗೆ ಅಂಗಡಿಗಳು, ದೀಪದ ಕಂಬಗಳು, ತಳ್ಳುಗಾಡಿಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು.